ಬೆನ್ನು ಮುಟ್ಟಿ ನೋಡದೆ ಬೆನ್ನುನೋವಿಗೆ ಮದ್ದು ಬೇಡ

ಮಾನ್ಯ ಸಂಪಾದಕರೇ,

ಬೆನ್ನು ನೋವು, ಕತ್ತು ನೋವು ಎಂದು ಬರುವವರ ಕೈಯಲ್ಲಿ ಈಗ ಮೊದಲು ಕಾಣುವುದು ಎಂಆರ್‌ಐ ಕವರು. ಅದನ್ನು ದೀಪಕ್ಕೆ ಹಿಡಿದು ನೋಡುತ್ತಾರೆ, ವರದಿಯ ಕೊನೆಯ ನಾಲ್ಕು ಸಾಲು ಓದುತ್ತಾರೆ, ಮಾತ್ರೆ ಬರೆದು ಬೆಲ್ಟು ಕಟ್ಟಿಕೊಳ್ಳಲು ಹೇಳುತ್ತಾರೆ. ನೋಯುತ್ತಿರುವ ಬೆನ್ನನ್ನು ಮಾತ್ರ ಯಾರೂ ಮುಟ್ಟಿರುವುದಿಲ್ಲ. ಇನ್ನೊಂದು ತುದಿಯಲ್ಲಿ ಮುಟ್ಟುವುದನ್ನೇ ಪವಾಡವೆಂದು ತೋರಿಸುವವರಿದ್ದಾರೆ. ‘ಮೂಳೆ ಜರುಗಿದೆ, ಕೂರಿಸಿಬಿಡುತ್ತೇನೆ’ ಎಂದು ಕತ್ತನ್ನು ಹಿಡಿದು ತಿರುಚುವ, ‘ಲಟಕ್’ ಶಬ್ದ ಕೇಳಿಸಲು ಮೈಕನ್ನು ಕುತ್ತಿಗೆಯ ಪಕ್ಕಕ್ಕೇ ಇಡುವ ವಿಡಿಯೊಗಳು ದಿನವೂ ಮೊಬೈಲಿಗೆ ಬಂದು ಬೀಳುತ್ತವೆ. ಒಂದು ಕಡೆ ಕೈಯೇ ಸೋಕದ ವೈದ್ಯ, ಇನ್ನೊಂದು ಕಡೆ ಕೈಗೆ ಇಲ್ಲದ ಶಕ್ತಿಯನ್ನು ಕಟ್ಟುವ ವೈದ್ಯ. ಇವೆರಡರ ನಡುವೆ ಸ್ಪರ್ಶಕ್ಕೆ ನಿಜವಾಗಿ ಇರುವ ಕೆಲಸವೇ ಜನರಿಗೆ ತಿಳಿಯದೆ ಹೋಗಿದೆ. ಅದನ್ನು ಬಿಡಿಸಿ ಹೇಳುವುದಕ್ಕೆ ಈ ಪತ್ರ.

2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟ ನೋವಿನಿಂದ ಬಳಲುತ್ತಿದ್ದರು, 2050ರ ಹೊತ್ತಿಗೆ ಈ ಸಂಖ್ಯೆ 84.3 ಕೋಟಿ ಮುಟ್ಟಬಹುದೆಂಬ ಅಂದಾಜಿದೆ. ಮನುಷ್ಯರನ್ನು ಕೆಲಸ ಮಾಡಲಾಗದಂತೆ ಕೂರಿಸುವ ತೊಂದರೆಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹೀಗೆ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿಗೆ ‘ಇಂಥದ್ದೇ ಮೂಳೆ, ಇಂಥದ್ದೇ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ)’ ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ಕಾರಣ ಸಿಗುವುದಿಲ್ಲ. ನೋವು ಸುಳ್ಳು ಎಂದು ಇದರ ಅರ್ಥವಲ್ಲ. ಸ್ನಾಯು, ಕೀಲು, ನರ, ನಿದ್ದೆ, ಆತಂಕ, ಕೆಲಸದ ಭಂಗಿ ಎಲ್ಲವೂ ಸೇರಿ ಆದ ನೋವು ಸ್ಕ್ಯಾನಿನ ಕಪ್ಪು ಬಿಳುಪಿನಲ್ಲಿ ಮೂಡುವುದಿಲ್ಲ, ಅಷ್ಟೇ. ಮೂಡುವುದೂ ಬಹಳ ಸಲ ದಾರಿ ತಪ್ಪಿಸುತ್ತದೆ. ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 20ರ ವಯಸ್ಸಿನವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. 40ರ ಹೊತ್ತಿಗೆ ಇಬ್ಬರಲ್ಲಿ ಒಬ್ಬರಿಗೆ ಡಿಸ್ಕ್ ಉಬ್ಬು, 80ರಲ್ಲಿ ಶೇ 96 ಮಂದಿಗೆ ಸವೆತ. ತಲೆಗೂದಲು ನೆರೆತಂತೆ ಡಿಸ್ಕೂ ನೆರೆಯುತ್ತದೆ. ವರದಿಯಲ್ಲಿ ಬರೆದದ್ದೇ ಈ ರೋಗಿಯ ನೋವಿಗೆ ಕಾರಣವೋ ಅಲ್ಲವೋ ಎಂಬುದು ಮೈಮೇಲೆ ಕೈಯಿಟ್ಟು ಪರೀಕ್ಷಿಸಿದಾಗಷ್ಟೇ ಗೊತ್ತಾಗುತ್ತದೆ.

ಪರೀಕ್ಷೆ ಎಂದರೆ ಬಟ್ಟೆಯ ಮೇಲಿಂದ ಒಮ್ಮೆ ಒತ್ತಿ ‘ಇಲ್ಲಿ ನೋವಾ?’ ಎಂದು ಕೇಳಿ ಮುಗಿಸುವುದಲ್ಲ. ಬಟ್ಟೆ ಸರಿಸಿ ಬೆನ್ನನ್ನು ಬೆಳಕಿನಲ್ಲಿ ನೋಡಬೇಕು. ಒಂದೇ ಪಕ್ಕದಲ್ಲಿ ಪಟ್ಟಿಯಂತೆ ಎದ್ದ ಗುಳ್ಳೆಗಳಿದ್ದರೆ ಅದು ಸರ್ಪಸುತ್ತು. ಅಲ್ಲಿ ಉಜ್ಜಿದರೆ ಉರಿ ಹೆಚ್ಚುತ್ತದೆ, ಮದ್ದು ಬೇಗ ಶುರುವಾಗಬೇಕು. ಆಮೇಲೆ ಬೆನ್ನುಮೂಳೆಯ ಮೊನೆಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತುತ್ತಾ ಬರಬೇಕು, ಮುಷ್ಟಿಯ ಪಕ್ಕದಿಂದ ಮೆಲ್ಲಗೆ ತಟ್ಟಬೇಕು. ಎಲ್ಲ ಕಡೆ ಸುಮಾರಾಗಿರುವ ನೋವು ಒಂದೇ ಒಂದು ಮೂಳೆಯ ಮೇಲೆ ತಟ್ಟಿದಾಗ ಹೌಹಾರುವಷ್ಟಾದರೆ ಮುರಿತ, ಸೋಂಕು, ಗಡ್ಡೆ ಇವುಗಳ ಕಡೆ ಯೋಚನೆ ಹೋಗಬೇಕು. ಬೆನ್ನುಮೂಳೆಯ ಕ್ಷಯ ಎಷ್ಟೋ ಸಲ ತಿಂಗಳುಗಟ್ಟಲೆ ‘ಬರೀ ಸೊಂಟ ನೋವು’ ಆಗಿಯೇ ಉಳಿದುಬಿಡುತ್ತದೆ. ಅಂಥದ್ದನ್ನು ಬೇಗ ಹಿಡಿಯುವುದಕ್ಕೆ ಈ ಎರಡು ನಿಮಿಷದ ತಟ್ಟುವಿಕೆ ನೆರವಾಗುತ್ತದೆ.

ನೋವು ಕಾಲಿಗೆ ಇಳಿಯುತ್ತಿದ್ದರೆ ಹತ್ತಿಯ ಎಳೆ ಮತ್ತು ಮೊಂಡು ಪಿನ್ನು ಹಿಡಿದು ಎರಡೂ ಕಾಲುಗಳನ್ನು ಹೋಲಿಸಿ ನೋಡಬೇಕು. ಮೊಣಕಾಲಿನಿಂದ ಕೆಳಗೆ ಒಳಬದಿಯ ಚರ್ಮ ಸೊಂಟದ ನಾಲ್ಕನೇ ನರದ್ದು. ಪಾದದ ಮೇಲ್ಭಾಗ, ಹೆಬ್ಬೆರಳು ಐದನೆಯದರದ್ದು. ಪಾದದ ಹೊರ ಅಂಚು, ಕಿರುಬೆರಳು ಅದರ ಕೆಳಗಿನ ಮೊದಲ ತ್ರಿಕ (ಸೊಂಟದ ಬುಡದ ಮೂಳೆಯ) ನರದ್ದು. ಹೆಬ್ಬೆರಳನ್ನು ಮೇಲಕ್ಕೆತ್ತಿ ಹಿಡಿಯಲು ಹೇಳಿ ವೈದ್ಯರು ತಮ್ಮ ಬೆರಳಿನಿಂದ ಕೆಳಕ್ಕೆ ಒತ್ತಿದಾಗ ಒಂದು ಕಾಲಿನದು ಸೋತುಬಿದ್ದರೆ ಐದನೇ ನರ ದುರ್ಬಲವಾಗಿದೆ ಎಂದು ಲೆಕ್ಕ. ಒಂಟಿ ಕಾಲಿನಲ್ಲಿ ನಿಂತು ಹತ್ತು ಸಲ ಹಿಮ್ಮಡಿ ಎತ್ತಲಾಗದಿದ್ದರೆ ತ್ರಿಕ ನರ. ಕತ್ತಿನ ನೋವು ಕೈಗೆ ಹರಿಯುತ್ತಿದ್ದರೆ ಹೆಬ್ಬೆರಳು ಕತ್ತಿನ ಆರನೇ ನರಕ್ಕೆ, ನಡುಬೆರಳು ಏಳನೆಯದಕ್ಕೆ, ಕಿರುಬೆರಳು ಎಂಟನೆಯದಕ್ಕೆ ಸೇರಿದ್ದು. ಸ್ಕ್ಯಾನಿನಲ್ಲಿ ಬಲಗಡೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವೆ ಉಬ್ಬು ಇದ್ದು, ಜೋಮು ಎಡಗಾಲಿನ ಕಿರುಬೆರಳಿನಲ್ಲಿದ್ದರೆ ಆ ಉಬ್ಬಿಗೂ ಈ ನೋವಿಗೂ ಸಂಬಂಧವಿಲ್ಲ. ಇದನ್ನು ತಿಳಿಯಲು ಬೇಕಾದ ಸಾಮಾನು ಒಂದು ಪಿನ್ನು, ಒಂದಿಷ್ಟು ಹತ್ತಿ, ಮಂಡಿ ತಟ್ಟುವ ಸಣ್ಣ ಸುತ್ತಿಗೆ ಮತ್ತು ಹತ್ತು ಹನ್ನೆರಡು ನಿಮಿಷ.

ಇಲ್ಲಿ ನಮ್ಮ ಫಿಸಿಯೊಥೆರಪಿ ವೃತ್ತಿಯವರೂ ಒಂದು ಮಾತು ಒಪ್ಪಿಕೊಳ್ಳಬೇಕು. ಎಲ್ಲಿ ನೋವಿದೆ ಎಂಬುದರಲ್ಲಿ ಇಬ್ಬರು ಪರೀಕ್ಷಕರ ಬೆರಳುಗಳು ಸಾಮಾನ್ಯವಾಗಿ ಒಪ್ಪುತ್ತವೆ. ‘ಯಾವ ಮೂಳೆ ಬಿಗಿದಿದೆ, ಯಾವುದು ಸರಿದಿದೆ’ ಎಂಬುದರಲ್ಲಿ ಒಪ್ಪುವುದು ಅಪರೂಪ. ಬೆರಳಿನ ತುದಿಯಿಂದ ಮೂಳೆಯ ಮಿಲಿಮೀಟರ್ ಜಾರುವಿಕೆಯನ್ನು ಪತ್ತೆ ಹಚ್ಚುತ್ತೇನೆ ಎನ್ನುವವರ ಮಾತನ್ನು ನಂಬಬೇಕಾಗಿಲ್ಲ.

ಹಾಗಾದರೆ ಸ್ಪರ್ಶ ನೋವನ್ನು ತಗ್ಗಿಸುವುದು ಹೇಗೆ? ಮೊಣಕೈ ಬಾಗಿಲಿಗೆ ತಗುಲಿದ ಕೂಡಲೇ ಇನ್ನೊಂದು ಕೈ ತಾನಾಗಿ ಹೋಗಿ ಅಲ್ಲಿ ಉಜ್ಜುತ್ತದೆ. ಉಜ್ಜಿದ ಸ್ಪರ್ಶದ ಸುದ್ದಿ ದಪ್ಪ ನರತಂತುಗಳಲ್ಲಿ ಬೇಗ ಓಡುತ್ತದೆ, ನೋವಿನ ಸುದ್ದಿ ತೆಳು ತಂತುಗಳಲ್ಲಿ ನಿಧಾನ ಬರುತ್ತದೆ. ಬೆನ್ನುಹುರಿಯಲ್ಲಿ ಮೊದಲನೆಯದು ಎರಡನೆಯದಕ್ಕೆ ಅಡ್ಡ ನಿಲ್ಲುತ್ತದೆ ಎಂಬ ‘ಬಾಗಿಲು’ ಸಿದ್ಧಾಂತವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಅದರ ಎಷ್ಟೋ ವಿವರಗಳು ಆಮೇಲೆ ತಿದ್ದುಪಡಿಯಾದವು, ತಿರುಳು ಉಳಿದಿದೆ. ಒತ್ತಡವನ್ನು ಗ್ರಹಿಸುವ ಪೀಜೋ ಎಂಬ ಪ್ರೋಟೀನುಗಳನ್ನು 2010ರಲ್ಲಿ ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಅವರಿಗೆ, ಬಿಸಿಯ ಗ್ರಾಹಕವನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರ ಜೊತೆಗೆ, 2021ರಲ್ಲಿ ನೊಬೆಲ್ ಬಂತು. ಮುಟ್ಟಿದರೆ ಹಾಯೆನಿಸುವುದು ಬರೀ ಮನಸ್ಸಿನ ಮಾತು ಎಂದು ತಳ್ಳಿಹಾಕುವವರು ಗಮನಿಸಬೇಕಾದ ವಿಷಯ ಇದು.

ನಮ್ಮ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಸಂಗತಿ ಇನ್ನೊಂದಿದೆ. ಕೂದಲಿರುವ ಚರ್ಮದಲ್ಲಿ, ಎಂದರೆ ಬೆನ್ನು, ಹೆಗಲು, ತೋಳುಗಳಲ್ಲಿ, ನಿಧಾನದ ನೇವರಿಕೆಗೆಂದೇ ಇರುವ ತೆಳು ತಂತುಗಳಿವೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಚರ್ಮದಷ್ಟೇ ಬೆಚ್ಚಗಿರುವ ಕೈ ಸವರಿದಾಗ ಅವು ಚೆನ್ನಾಗಿ ಸ್ಪಂದಿಸುತ್ತವೆ. ಸರಸರನೆ ಉಜ್ಜಿದರೆ ಸುಮ್ಮನಾಗುತ್ತವೆ, ತಣ್ಣನೆಯ ಕೈಗೂ ಅಷ್ಟಕ್ಕಷ್ಟೇ. ಅವುಗಳ ಸುದ್ದಿ ಮಿದುಳಿನಲ್ಲಿ ಭಾವನೆಗೆ ಸಂಬಂಧಿಸಿದ ಭಾಗಗಳನ್ನು ತಲುಪುತ್ತದೆ. ನೋವಿನ ಭಯದಲ್ಲಿ ಬೆನ್ನಿನ ಸ್ನಾಯುಗಳು ಬಿಗಿದು ಕಾವಲು ನಿಂತಿರುತ್ತವೆ. ನಂಬಿಕೆಯಿರುವ ಕೈ ಮೆಲ್ಲನೆ ಸವರಿದಾಗ ಆ ಕಾವಲು ಸಡಿಲವಾಗುತ್ತದೆ, ಉಸಿರು ನಿಧಾನವಾಗುತ್ತದೆ.

ಹಳೆಯ ಬೆನ್ನುನೋವಿನಲ್ಲಿ ಮಿದುಳಿಗೆ ಬೆನ್ನಿನ ನಕ್ಷೆಯೇ ಮಸುಕಾಗಿರುತ್ತದೆ. ಎರಡು ಪೆನ್ನಿನ ಮುಚ್ಚಳಗಳನ್ನು ಬೆನ್ನಿಗೆ ಒಟ್ಟಿಗೇ ತಾಗಿಸಿ ‘ಒಂದೋ ಎರಡೋ’ ಎಂದು ಕೇಳಿ. ಬೆರಳ ತುದಿಯಲ್ಲಿ 2–3 ಮಿಲಿಮೀಟರ್ ಅಂತರವಿದ್ದರೂ ಎರಡೆಂದು ಗೊತ್ತಾಗುತ್ತದೆ. ಬೆನ್ನಿನಲ್ಲಿ ಆರೋಗ್ಯವಂತರಿಗೇ ಸುಮಾರು 4 ಸೆಂಟಿಮೀಟರ್ ಬೇಕು, ವರ್ಷಗಟ್ಟಲೆ ನೋವು ತಿಂದವರಿಗೆ ಇನ್ನೂ ಹೆಚ್ಚು. ಈ ನಕ್ಷೆಯನ್ನು ತಿದ್ದುವ ಒಂದು ಸರಳ ಅಭ್ಯಾಸವಿದೆ. ಬೆನ್ನಿನ ಮೇಲೆ ಒಂಬತ್ತು ಚುಕ್ಕೆಗಳನ್ನು ಮೂರು ಸಾಲಿನಲ್ಲಿ ಗುರುತು ಮಾಡಿ, ಅದೇ ಚಿತ್ರವನ್ನು ಕಾಗದದಲ್ಲಿ ಬರೆದು, ಅಂಕೆ ಹಾಕಿ ರೋಗಿಯ ಮುಂದಿಡಬೇಕು. ಮನೆಯವರು ಮುಚ್ಚಳದಿಂದ ಒಂದೊಂದು ಚುಕ್ಕೆಯನ್ನು ಮುಟ್ಟಿದಂತೆ ರೋಗಿ ಅಂಕೆ ಹೇಳಬೇಕು. ತಪ್ಪಿದರೆ ಮತ್ತೆ ಅದೇ ಚುಕ್ಕೆ. ದಿನಕ್ಕೆ 10–15 ನಿಮಿಷ ಸಾಕು. ಇಂಥ ಅಭ್ಯಾಸಗಳಿಂದ ಶುರುಮಾಡಿ ನಿಧಾನಕ್ಕೆ ಚಲನೆಗೆ ಒಯ್ಯುವ ವಿಧಾನವನ್ನು ಆಸ್ಟ್ರೇಲಿಯಾದಲ್ಲಿ 276 ಜನರ ಮೇಲೆ ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದ್ದಾರೆ. 18 ವಾರಗಳ ಹೊತ್ತಿಗೆ ಹತ್ತು ಅಂಕದ ನೋವಿನ ಅಳತೆಯಲ್ಲಿ, ಹೋಲಿಕೆಗೆ ಇಟ್ಟಿದ್ದ ಗುಂಪಿಗಿಂತ ಸುಮಾರು ಒಂದು ಅಂಕ ಹೆಚ್ಚು ಇಳಿಕೆ ಕಂಡಿತು. ಸಣ್ಣದು ಅನಿಸಬಹುದು. ಹಳೆಯ ನೋವಿನಲ್ಲಿ ಒಂದು ಅಂಕ ಎಂದರೆ ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರವಾಗದಿರುವುದೂ ಆಗಬಹುದು.

ಸ್ಪರ್ಶದಿಂದ ಆಗದ ಕೆಲಸಗಳನ್ನೂ ಹೇಳಲೇಬೇಕು, ಏಕೆಂದರೆ ಹಣವೂ ಭಯವೂ ಹುಟ್ಟುವುದು ಅಲ್ಲೇ. ಡಿಸ್ಕ್ ಸೋಪಿನಂತೆ ಜಾರುವ ವಸ್ತುವಲ್ಲ. ಮೇಲಿನ ಕೆಳಗಿನ ಮೂಳೆಗಳಿಗೆ ಅದು ಬಲವಾಗಿ ಅಂಟಿಕೊಂಡೇ ಇರುತ್ತದೆ, ಒಳಗಿನ ಮೆತ್ತನೆಯ ಭಾಗ ಉಬ್ಬಬಹುದು ಅಥವಾ ಹೊರಬರಬಹುದು. ಹೊರಗಿನಿಂದ ಒತ್ತಿ ಅದನ್ನು ಒಳಕ್ಕೆ ಕೂರಿಸಲು ಯಾರಿಂದಲೂ ಆಗದು. ಹೊರಬಂದ ಭಾಗ ಬಹಳ ಜನರಲ್ಲಿ ತಿಂಗಳುಗಳಲ್ಲಿ ತಾನಾಗಿ ಕುಗ್ಗುತ್ತದೆ, ಯಶಸ್ಸು ಮಾತ್ರ ಆ ಸಮಯದಲ್ಲಿ ಕೈಯಾಡಿಸುತ್ತಿದ್ದವರ ಪಾಲಾಗುತ್ತದೆ. ‘ಗಂಟು ಒಡೆಯುತ್ತೇನೆ’ ಎಂಬುದೂ ಹಾಗೆಯೇ. ಸ್ನಾಯುವಿನ ಮೇಲಿನ ಗಟ್ಟಿ ಪೊರೆಯನ್ನು ಶೇ 1ರಷ್ಟು ಕುಗ್ಗಿಸಬೇಕಾದರೂ ಮನುಷ್ಯನ ಕೈಗೆ ಸಾಧ್ಯವಿಲ್ಲದಷ್ಟು ಬಲ ಬೇಕೆಂದು 2008ರಲ್ಲಿ ತೊಡೆಯ ಹಾಗೂ ಅಂಗಾಲಿನ ಪೊರೆಗಳ ಮೇಲೆ ಮಾಡಿದ ಲೆಕ್ಕಾಚಾರ ತೋರಿಸಿದೆ. ಒತ್ತಿದ ಜಾಗ ಒಂದು ನಿಮಿಷದಲ್ಲಿ ಮೆತ್ತಗಾಗುವುದು ನಿಜ, ಆದರೆ ಅಲ್ಲಿ ಏನೂ ಒಡೆದಿರುವುದಿಲ್ಲ. ನರವ್ಯೂಹ ಬಿಗಿಯನ್ನು ಬಿಟ್ಟಿರುತ್ತದೆ. ಇನ್ನು ‘ಲಟಕ್’ ಶಬ್ದ: ಕೀಲಿನ ಎರಡು ಮೇಲ್ಮೈಗಳು ತಟ್ಟನೆ ದೂರವಾದಾಗ ಒಳಗಿನ ದ್ರವದಲ್ಲಿ ಗಾಳಿಯ ಗುಳಿ ಮೂಡುವುದರಿಂದ ಅದು ಬರುತ್ತದೆ. 2015ರಲ್ಲಿ ಬೆರಳಿನ ಗಿಣ್ಣು ಲಟಿಕೆ ಮುರಿಯುವುದನ್ನು ಎಂಆರ್‌ಐ ಒಳಗೆ ಚಿತ್ರೀಕರಿಸಿ ಇದನ್ನು ನೋಡಿದ್ದಾರೆ. ಲಟಿಕೆ ಮುರಿದ ಕೀಲು ಮತ್ತೆ ಶಬ್ದ ಮಾಡಲು ಸುಮಾರು 20 ನಿಮಿಷ ಬೇಕು. ಶಬ್ದ ಬಂದರೂ ಬರದಿದ್ದರೂ ಸಿಗುವ ಆರಾಮ ಒಂದೇ.

ಎಷ್ಟು ಉಪಯೋಗ, ಎಷ್ಟು ದಿನ? ಹಳೆಯ ಸೊಂಟನೋವಿನ 401 ಜನರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಹಗುರವಾದ ವಿಶ್ರಾಂತಿ ಮಸಾಜ್, ಇನ್ನೊಂದಕ್ಕೆ ಸ್ನಾಯು ಹುಡುಕಿ ಹುಡುಕಿ ಒತ್ತುವ ವಿಶೇಷ ಮಸಾಜ್, ಮೂರನೆಯದಕ್ಕೆ ಮಾಮೂಲಿ ಚಿಕಿತ್ಸೆ ಕೊಟ್ಟ ಅಧ್ಯಯನ 2011ರಲ್ಲಿ ಅಮೆರಿಕದಿಂದ ಬಂತು. ವಾರಕ್ಕೊಂದರಂತೆ ಹತ್ತು ವಾರ ಮುಗಿದಾಗ ಮಸಾಜ್ ಪಡೆದ ಎರಡೂ ಗುಂಪುಗಳು ಮೂರನೆಯದಕ್ಕಿಂತ ಚೆನ್ನಾಗಿದ್ದವು. ಮಸಾಜಿನ ಎರಡು ಬಗೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಒಂದು ವರ್ಷದ ಹೊತ್ತಿಗೆ ಲಾಭ ಬಹುಪಾಲು ಕರಗಿಹೋಗಿತ್ತು. ಈ ಒಂದು ಅಧ್ಯಯನದಲ್ಲೇ ನಮ್ಮ ವಾದ ಪೂರ್ತಿ ಇದೆ ಎಂದರೆ ತಪ್ಪಲ್ಲ: ಕೈ ಕೆಲಸ ಮಾಡುತ್ತದೆ, ಗುಟ್ಟಿನ ವಿದ್ಯೆ ಬೇಕಿಲ್ಲ, ಕೈಯೊಂದೇ ಸಾಲದು. ಕತ್ತುನೋವಿನಲ್ಲಿ ಪ್ರಮಾಣ ಮುಖ್ಯ. 2014ರ ಇನ್ನೊಂದು ಅಧ್ಯಯನದಲ್ಲಿ ವಾರಕ್ಕೆ 2–3 ಸಲ 60 ನಿಮಿಷದಂತೆ ನಾಲ್ಕು ವಾರ ಪಡೆದವರಿಗೆ ಗುಣ ಕಂಡಿತು, ಅರ್ಧ ಗಂಟೆಯವುಗಳಿಂದ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಸೊಂಟನೋವಿಗೆಂದು 2023ರ ಡಿಸೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ವ್ಯಾಯಾಮಗಳ ಜೊತೆಗೆ ಮಸಾಜ್ ಮತ್ತು ಕೈಯಿಂದ ಬೆನ್ನುಮೂಳೆ ಸಡಿಲಿಸುವ ಚಿಕಿತ್ಸೆಗೂ ಜಾಗವಿದೆ. ಬೆಲ್ಟು, ಎಳೆತದ ಯಂತ್ರ, ಅಲ್ಟ್ರಾಸೌಂಡ್ ಚಿಕಿತ್ಸೆ, ಕರೆಂಟು ಹಾಯಿಸುವ ಟೆನ್ಸ್ ಇವುಗಳನ್ನು ಅದು ಶಿಫಾರಸು ಮಾಡಿಲ್ಲ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಕೈಚಿಕಿತ್ಸೆ ಬೇಕಾದರೆ ವ್ಯಾಯಾಮದ ಜೊತೆಗೇ ಇರಲಿ, ಒಂಟಿಯಾಗಿ ಬೇಡ ಎಂದಿತ್ತು. ಹೀಗಿದ್ದೂ ಎಷ್ಟೋ ಕಡೆ ರೋಗಿಗೆ ಪ್ಯಾಡು ಅಂಟಿಸಿ, ಸ್ವಿಚ್ಚು ಹಾಕಿ, ಪರದೆ ಎಳೆದು ಹೋಗುತ್ತಾರೆ. ಹದಿನೈದು ನಿಮಿಷದ ಮೇಲೆ ಗಂಟೆ ಬಾರಿಸಿದಾಗ ಬಿಚ್ಚಲು ಬರುತ್ತಾರೆ. ಮಾರ್ಗಸೂಚಿ ಬೇಡವೆಂದದ್ದು ಸಿಗುತ್ತದೆ, ಬೇಕೆಂದದ್ದು ಸಿಗುವುದಿಲ್ಲ. ಇದು ನಮ್ಮ ವೃತ್ತಿಯ ದೋಷ, ನಾವೇ ತಿದ್ದಬೇಕು.

ಕತ್ತಿನ ವಿಷಯದಲ್ಲಿ ಖಡಾಖಂಡಿತವಾಗಿ ಹೇಳುತ್ತೇವೆ: ಕತ್ತನ್ನು ಝಟಕಿಸಿ ತಿರುಚಲು ಯಾರಿಗೂ ಕೊಡಬೇಡಿ. ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ಧಮನಿಗಳು ಕತ್ತಿನ ಏಳು ಮೂಳೆಗಳಲ್ಲಿ ಮೇಲಿನ ಆರರ ಪಕ್ಕದ ರಂಧ್ರಗಳೊಳಗೆ ಹಾದು ಹೋಗುತ್ತವೆ. ತಲೆ ತಿರುಗಿಸುವ ಚಲನೆಯಲ್ಲಿ ಸುಮಾರು ಅರ್ಧ ನಡೆಯುವುದು ಮೊದಲನೆಯ ಎರಡನೆಯ ಮೂಳೆಗಳ ನಡುವೆ, ಧಮನಿ ಬಳುಕುವುದೂ ಅಲ್ಲೇ. ಝಟಕಿಗೆ ಅದರ ಒಳಪದರ ಸೀಳಿದರೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆಗಬಹುದು. ಅಪರೂಪ ನಿಜ, ಆದರೆ ಆದವರಿಗೆ ಮತ್ತೆ ಮೊದಲಿನಂತಾಗುವುದು ಕಷ್ಟ. ಇನ್ನೊಂದು ಅಪಾಯ ಇದಕ್ಕಿಂತ ಸೂಕ್ಷ್ಮ. ಧಮನಿ ತಾನಾಗಿ ಸೀಳಿದಾಗಲೂ ಮೊದಲು ಕಾಣುವುದು ಕತ್ತುನೋವು, ತಲೆನೋವು. ರೋಗಿ ಅದನ್ನು ಉಳುಕೆಂದುಕೊಂಡು ತಿರುಚಿಸಿಕೊಳ್ಳಲು ಹೋಗುತ್ತಾನೆ. ಹಿಂದೆಂದೂ ಬಾರದಂಥ ಕತ್ತುನೋವು ತಟ್ಟನೆ ಬಂದು, ಜೊತೆಗೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ನಡಿಗೆ ವಾಲುವುದು, ಮುಖದ ಒಂದು ಪಕ್ಕ ಮರಗಟ್ಟುವುದು ಇವುಗಳಲ್ಲಿ ಒಂದಿದ್ದರೂ ಕತ್ತು ಮುಟ್ಟಿಸದೆ ಆಸ್ಪತ್ರೆಗೆ ಹೋಗಬೇಕು. ಝಟಕು ಇಲ್ಲದೆ, ರೋಗಿ ಯಾವ ಕ್ಷಣದಲ್ಲೂ ತಡೆಯಬಹುದಾದ ನಿಧಾನದ ಕೀಲು ಚಲನೆಯಿಂದಲೂ ಕತ್ತುನೋವಿಗೆ ಬಹುತೇಕ ಅಷ್ಟೇ ಉಪಶಮನ ಸಿಗುತ್ತದೆ. ಹೀಗಿರುವಾಗ ತಿರುಚುವ ದರ್ದು ಏನಿದೆ?

ಮನೆಯಲ್ಲೇ ಮಾಡಬಹುದಾದ ಸ್ಪರ್ಶದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಸೊಂಟನೋವಿನವರು ಹೊಟ್ಟೆಯ ಅಡಿಗೆ ಒಂದು ದಿಂಬು, ಕಣಕಾಲಿನ ಅಡಿಗೆ ಮಡಿಸಿದ ಟವೆಲ್ ಇಟ್ಟು ಬೋರಲು ಮಲಗಲಿ. ಬೋರಲು ಆಗದಿದ್ದರೆ ಮೊಣಕಾಲುಗಳ ನಡುವೆ ದಿಂಬಿಟ್ಟು ಮಗ್ಗುಲಾಗಲಿ. ಕತ್ತಿಗಾದರೆ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ತೋಳು ಮಡಿಸಿ ಹಣೆ ಊರಲಿ. ನಾಲ್ಕೂವರೆ ಐದು ಕಿಲೊ ತೂಗುವ ತಲೆಯ ಭಾರವನ್ನು ಕತ್ತು ಇಳಿಸಿದ ಮೇಲೆಯೇ ಸ್ನಾಯು ಸಡಿಲವಾಗುವುದು. ಬೇಕಿದ್ದರೆ ಮೊದಲು ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಚೀಲವನ್ನು 15 ನಿಮಿಷ ಇಡಿ. ಸ್ಪರ್ಶಜ್ಞಾನ ಕಡಿಮೆಯಾದ ಚರ್ಮಕ್ಕೆ ಬಿಸಿ ಬೇಡ, ಸುಟ್ಟರೂ ತಿಳಿಯುವುದಿಲ್ಲ. ಒಂದು ಚಮಚ ಎಣ್ಣೆ ಇಡೀ ಬೆನ್ನಿಗೆ ಸಾಕು. ಅದು ಕೈ ಜಾರಲಿಕ್ಕಷ್ಟೇ, ಒಳಗಿಳಿದು ಮೂಳೆಗೆ ಬಲ ಕೊಡುವುದಿಲ್ಲ. ಹೆಚ್ಚು ಸುರಿದರೆ ಸ್ನಾಯು ಹಿಡಿತಕ್ಕೇ ಸಿಗುವುದಿಲ್ಲ.

ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಎರಡೂ ಅಂಗೈಗಳನ್ನು ಸೊಂಟದ ಮೇಲೆ ಇಟ್ಟು ಒಂದು ನಿಮಿಷ ಏನೂ ಮಾಡದೆ ಇರಿ. ಅವಸರದವರು ಬಿಟ್ಟುಬಿಡುವುದು ಇದನ್ನೇ. ಅಂಗೈ ಕೆಳಗೆ ಉಸಿರು ಏರಿಳಿಯುವುದು ಮೊದಲು ಮೇಲುಮೇಲಕ್ಕೆ, ಆಮೇಲೆ ಆಳಕ್ಕೆ ಇಳಿಯುವುದು ತಿಳಿಯುತ್ತದೆ. ಅಲ್ಲಿಂದ ಎರಡೂ ಕೈಗಳನ್ನು ಬೆನ್ನುಮೂಳೆಯ ಆಚೀಚೆ ಹೆಗಲಿನವರೆಗೆ ಎಳೆಯಿರಿ. ಆ ದೂರ ಸುಮಾರು 45 ಸೆಂಟಿಮೀಟರ್, ಒಂದು ಎಳೆತಕ್ಕೆ ಹದಿನೈದು ಸೆಕೆಂಡ್ ಕೊಡಿ. ಗಡಿಯಾರ ನೋಡಿ ಒಮ್ಮೆ ಮಾಡಿದರೆ ನಾವು ಸಾಮಾನ್ಯವಾಗಿ ಎಷ್ಟು ಆತುರದಲ್ಲಿ ಉಜ್ಜುತ್ತೇವೆ ಎಂಬುದು ಗೊತ್ತಾಗುತ್ತದೆ. ಹತ್ತು ಹನ್ನೆರಡು ಎಳೆತಗಳ ಮೇಲೆ, ಮೂಳೆಯ ಮೊನೆಯಿಂದ ಎರಡು ಬೆರಳಿನಷ್ಟು ಪಕ್ಕಕ್ಕೆ ಹಗ್ಗದಂತೆ ಸಿಗುವ ಸ್ನಾಯುವನ್ನು ಅಂಗೈ ಬುಡದಿಂದ ಹೊರಕ್ಕೆ ನಾದುತ್ತಾ ಬನ್ನಿ. ನೋಯುವ ಬಿಂದು ಸಿಕ್ಕರೆ ಹೆಬ್ಬೆರಳಿನಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. ‘ಹತ್ತಕ್ಕೆ ಎಷ್ಟು ನೋವು?’ ಎಂದು ಕೇಳುತ್ತಿರಬೇಕು. ಉತ್ತರ ನಾಲ್ಕನ್ನು ದಾಟಿದರೆ ಬಲ ಇಳಿಸಿ. ಹೆಗಲು ಕತ್ತು ಕೂಡುವ ದಪ್ಪ ಸ್ನಾಯುವನ್ನು ಒತ್ತುವುದಕ್ಕಿಂತ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಎತ್ತಿ ಹಿಡಿದು ಬಿಡುವುದು ಹಿತ. ತಲೆಬುರುಡೆಯ ಅಂಚಿನ ಕೆಳಗಿನ ಸಣ್ಣ ಸ್ನಾಯುಗಳಿಗೆ, ರೋಗಿ ಅಂಗಾತ ಮಲಗಿದಾಗ ಬೆರಳ ತುದಿಗಳನ್ನು ಅಡಿಯಲ್ಲಿಟ್ಟು ತಲೆಯ ಭಾರವೇ ಒತ್ತುವಂತೆ ಒಂದೆರಡು ನಿಮಿಷ ಬಿಟ್ಟರೆ ಸಾಕು. ಒಟ್ಟು ಇಪ್ಪತ್ತು ನಿಮಿಷ ಮೀರುವುದು ಬೇಡ.

ಮೂಳೆಯ ಮೊನೆಗಳ ಮೇಲೆ ನೇರ ಒತ್ತಬೇಡಿ. ಮೊಣಕೈ ಊರುವುದು, ಬೆನ್ನಿನ ಮೇಲೆ ಹತ್ತಿ ತುಳಿಯುವುದು ಬೇಡವೇ ಬೇಡ, ವಯಸ್ಸಾದವರ ಸವೆದ ಮೂಳೆ, ಪಕ್ಕೆಲುಬು ಅಷ್ಟಕ್ಕೇ ಮುರಿಯಬಹುದು. ಕೊನೆಯ ಪಕ್ಕೆಲುಬಿನ ಕೆಳಗೆ ಮೂತ್ರಪಿಂಡದ ಜಾಗದಲ್ಲಿ ಗುದ್ದಬೇಡಿ. ಕತ್ತಿನ ಮುಂಭಾಗ ಮತ್ತು ನಾಡಿ ಸಿಗುವ ಪಕ್ಕಗಳನ್ನು ಒತ್ತಲೇಬಾರದು, ಎದೆಬಡಿತ ಇಳಿದು ತಲೆ ತಿರುಗಿ ಬೀಳಬಹುದು. ಬಲ ಹೆಚ್ಚಾದಷ್ಟೂ ಗುಣ ಹೆಚ್ಚು ಎಂಬ ತಿಳಿವಳಿಕೆಯೇ ಹೆಚ್ಚಿನ ಅನಾಹುತಕ್ಕೆ ಕಾರಣ. ನೋವಾದಷ್ಟೂ ಸ್ನಾಯು ಇನ್ನೂ ಸೆಟೆದು ನಿಲ್ಲುತ್ತದೆ. ಮರುದಿನ ಸ್ವಲ್ಪ ಮೈಕೈ ನೋವು ಬಂದು ಎರಡು ದಿನದಲ್ಲಿ ಹೋಗುವುದು ಸಹಜ. ಕಪ್ಪು ಕಟ್ಟಿದರೆ ಬಲ ಮಿತಿಮೀರಿತ್ತು ಎಂದೇ ತಿಳಿಯಿರಿ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ನಾದುವುದು ಬೇಡ, ಮೇಲುಮೇಲಿನ ಸವರಿಕೆ ಸಾಕು. ಕಾಲಿನ ಮೀನಖಂಡ ಒಂದೇ ಪಕ್ಕ ಊದಿ ಬಿಸಿಯಾಗಿ ನೋಯುತ್ತಿದ್ದರೆ, ‘ಸೊಂಟದ ನೋವು ಇಳಿದಿದೆ’ ಎಂದು ಅಲ್ಲಿ ತಿಕ್ಕಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು.

ಸವರಿ ಎದ್ದ ಮೇಲೆ ಮಲಗಿಬಿಡುವುದು ಎಲ್ಲರೂ ಮಾಡುವ ತಪ್ಪು. ಸ್ಪರ್ಶದ ಆರಾಮ ಕೆಲವು ನಿಮಿಷದಿಂದ ಹೆಚ್ಚೆಂದರೆ ಒಂದೆರಡು ದಿನದ್ದು. ಅದು ತೆರೆದ ಕಿಟಕಿ, ಮುಚ್ಚುವುದರೊಳಗೆ ಭಯದಿಂದ ಬಿಟ್ಟ ಚಲನೆಗಳನ್ನು ಮತ್ತೆ ಮಾಡಬೇಕು. ಶುರು ಮಾಡುವ ಮೊದಲೇ ಒಂದು ಗುರುತು ಇಟ್ಟುಕೊಳ್ಳಿ: ಬಗ್ಗಿದರೆ ಬೆರಳು ಕಾಲಿನ ಎಲ್ಲಿಗೆ ಮುಟ್ಟುತ್ತದೆ, ಕತ್ತು ತಿರುಗಿಸಿದರೆ ಹೆಗಲು ಎಷ್ಟು ಕಾಣುತ್ತದೆ. ಮುಗಿದ ಮೇಲೆ ಮತ್ತೆ ನೋಡಿ. ಬೆರಳು ಮೊಣಕಾಲಿನಿಂದ ನಾಲ್ಕು ಅಂಗುಲ ಕೆಳಗಿಳಿದಿದ್ದರೆ ಆ ಕೈಯ ಕೆಲಸ ಈ ಬೆನ್ನಿಗೆ ಹೊಂದಿದೆ. ಏನೂ ಬದಲಾಗಿಲ್ಲದಿದ್ದರೆ ಜಾಗವನ್ನೋ ವಿಧಾನವನ್ನೋ ಬದಲಿಸಬೇಕು. ಕೂಡಲೇ ಅಂಗಾತ ಮಲಗಿ ಮಡಿಸಿದ ಮೊಣಕಾಲುಗಳನ್ನು ಎರಡೂ ಪಕ್ಕಕ್ಕೆ ಹತ್ತು ಸಲ ವಾಲಿಸುವುದು, ಸೊಂಟವನ್ನು ನೆಲಕ್ಕೆ ಒತ್ತಿ ಬಿಡುವುದು ಹತ್ತು ಸಲ, ಕತ್ತಿನವರಾದರೆ ಗದ್ದವನ್ನು ಹಿಂದಕ್ಕೆ ಸೇದಿ ಐದು ಸೆಕೆಂಡ್ ಹಿಡಿಯುವುದು ಹತ್ತು ಸಲ, ಆಮೇಲೆ ಹತ್ತು ನಿಮಿಷ ನಡಿಗೆ. ಹೊಸದಾಗಿ ಹಿಡಿದುಕೊಂಡ ಸೊಂಟ ಬಹುಪಾಲು ಜನರಿಗೆ ಆರು ವಾರದೊಳಗೆ ಸಾಕಷ್ಟು ಸುಧಾರಿಸುತ್ತದೆ. ನಡೆದಾಡಿಕೊಂಡಿದ್ದವರಿಗೆ ಹಾಸಿಗೆ ಹಿಡಿದವರಿಗಿಂತ ಬೇಗ.

ಕೈ ಹಿಂದೆ ಸರಿಯಬೇಕಾದ ಸಂದರ್ಭಗಳಿವೆ. ಜನನಾಂಗ, ಗುದದ ಸುತ್ತ ಸ್ಪರ್ಶ ತಿಳಿಯದಿರುವುದು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಎರಡೂ ಕಾಲು ಸೋಲುವುದು ಕಂಡರೆ ಅದೇ ದಿನ ಶಸ್ತ್ರಚಿಕಿತ್ಸಕರ ಮುಂದಿರಬೇಕು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟು ಹೊಡೆದಂತಾಗುವುದು ಬೆನ್ನುಹುರಿ ಒತ್ತಿಕೊಂಡಿರುವ ಸೂಚನೆ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದ ಪೆಟ್ಟು, ಬಹುದಿನದ ಸ್ಟೀರಾಯ್ಡ್ ಸೇವನೆ, ಯಾವ ಮಗ್ಗುಲಿಗೂ ತಗ್ಗದ ರಾತ್ರಿ ನೋವು ಇದ್ದರೆ ಮೊದಲು ವೈದ್ಯರು, ಆಮೇಲೆ ಉಳಿದದ್ದು. ನಲವತ್ತರೊಳಗಿನವರಿಗೆ ಬೆಳಿಗ್ಗೆ ಅರ್ಧ ಗಂಟೆಗೂ ಮೀರಿದ ಬಿಗಿತವಿದ್ದು, ಓಡಾಡಿದಂತೆ ಕಡಿಮೆಯಾಗುತ್ತಿದ್ದರೆ ಅದು ಉರಿಯೂತದ ಸಂಧಿವಾತ ಇರಬಹುದು. ಎಷ್ಟು ನಾದಿದರೂ ಅದು ಬಗ್ಗುವುದಿಲ್ಲ, ರಕ್ತಪರೀಕ್ಷೆ, ಸಂಧಿವಾತ ತಜ್ಞರು ಬೇಕು.

ಮುಟ್ಟುವ ಮೊದಲು ಕೇಳಬೇಕು. ಎಲ್ಲಿ ಮುಟ್ಟುತ್ತೇವೆ, ಏಕೆ, ಎಷ್ಟು ಬಟ್ಟೆ ಸರಿಸಬೇಕು ಎಂದು ಹೇಳಿ, ಒಪ್ಪಿಗೆ ಪಡೆದು, ಉಳಿದ ಮೈಯನ್ನು ಹೊದಿಕೆಯಿಂದ ಮುಚ್ಚಿಯೇ ಕೆಲಸ ಶುರುವಾಗಬೇಕು. ಜೊತೆಗೆ ಒಬ್ಬರು ಇರಲಿ ಎಂದರೆ ಇರಲೇಬೇಕು. ಹೆದರಿದ ಮೈಗೆ ಸ್ಪರ್ಶ ಔಷಧವಾಗುವುದಿಲ್ಲ, ಸ್ನಾಯುಗಳು ಮತ್ತಷ್ಟು ಸೆಟೆಯುತ್ತವೆ. ಮುಟ್ಟಿಸಿಕೊಳ್ಳುವುದೇ ಬೇಡ ಎನ್ನುವವರಿಗೆ ವ್ಯಾಯಾಮ, ನಡಿಗೆ, ತಿಳಿವಳಿಕೆಯಿಂದಲೇ ಚೆನ್ನಾಗಿ ಗುಣವಾಗುವ ದಾರಿಯಿದೆ. ಕೈ ಆಡಿಸುವಾಗ ಬಾಯಿಂದ ಬರುವ ಮಾತೂ ಮದ್ದಿನ ಭಾಗವೇ. ‘ನಿಮ್ಮ ಮೂಳೆ ಪೂರ್ತಿ ಸವೆದಿದೆ, ಇನ್ನು ಬಗ್ಗಲೇಬೇಡಿ’ ಎಂದ ಒಂದು ವಾಕ್ಯ ಹತ್ತು ವರ್ಷ ಮನಸ್ಸಿನಲ್ಲಿ ಕೂತು, ಬಗ್ಗಲು ಹೆದರುವ ಬೆನ್ನನ್ನು ಉಳಿಸಿಹೋಗುತ್ತದೆ.

ರೋಗಿಗಳು ಚಿಕಿತ್ಸಾಲಯಕ್ಕೆ ಕಾಲಿಟ್ಟಾಗ ಇಷ್ಟು ಕೇಳಲಿ: ಮೊದಲ ಭೇಟಿಯಲ್ಲಿ ಬೆನ್ನು, ಕೈಕಾಲುಗಳನ್ನು ಮುಟ್ಟಿ ಪರೀಕ್ಷಿಸುತ್ತೀರಾ? ಮನೆಯಲ್ಲಿ ನಾನೇ ಮಾಡುವ ಚಲನೆ ಯಾವುದು? ಎಷ್ಟು ಸಲದಲ್ಲಿ ಬದಲಾವಣೆ ಕಾಣಬೇಕು? ನಾಲ್ಕರಿಂದ ಆರು ಭೇಟಿಗಳಲ್ಲಿ ಬಗ್ಗುವುದು, ನಡೆಯುವುದು, ನಿದ್ದೆ ಯಾವುದರಲ್ಲೂ ಸುಧಾರಣೆ ಇಲ್ಲದಿದ್ದರೆ ಅದೇ ಚಿಕಿತ್ಸೆಯನ್ನು ಮುಂದುವರಿಸಲು ಕಾರಣವಿಲ್ಲ. ಇಪ್ಪತ್ತು ಮೂವತ್ತು ಸಿಟ್ಟಿಂಗ್‌ಗಳ ಹಣವನ್ನು ಮುಂಗಡ ಕೇಳುವ ಕಡೆ ಮೊದಲ ದಿನ ಒಂದಕ್ಕಷ್ಟೇ ಕೊಟ್ಟು ಪರೀಕ್ಷೆ ಹೇಗೆ ನಡೆಯುತ್ತದೆ ಎಂದು ನೋಡಿ. ವೃತ್ತಿಬಾಂಧವರಲ್ಲಿ ನಮ್ಮ ಕೋರಿಕೆ ಒಂದೇ: ಪ್ಯಾಡು ಅಂಟಿಸಿ ಹೋಗುವ ಆ ಹದಿನೈದು ನಿಮಿಷವನ್ನು ಪರದೆಯ ಒಳಗೇ, ರೋಗಿಯ ಬೆನ್ನಿನ ಮೇಲೆ ಕೈಯಿಟ್ಟು ಕಳೆಯಿರಿ.

ಇಂತಿ,
ಬೆನ್ನು ಮತ್ತು ಕತ್ತುನೋವಿನ ಚಿಕಿತ್ಸೆಯಲ್ಲಿ ತೊಡಗಿರುವ ಫಿಸಿಯೊಥೆರಪಿಸ್ಟರು